ಹೊಟ್ಟೆ ಚಿಕ್ಕದಾಯಿತು, ದಿನ ಚಿಕ್ಕದಾಗಲಿಲ್ಲ

ಪ್ರಶ್ನೆ: ನಮ್ಮ ಮನೆಯವರಿಗೆ 46 ವರ್ಷ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ ಇದೆ. 132 ಕೆಜಿ ಇದ್ದರು. ಶುಗರು, ಬಿಪಿ, ರಾತ್ರಿ ಗೊರಕೆಗೆ ಮೂಗಿಗೆ ಸಿಕ್ಕಿಸಿಕೊಳ್ಳುವ ಮಷೀನು, ಎಲ್ಲಾ ಇತ್ತು. 11 ತಿಂಗಳ ಕೆಳಗೆ ಬೆಂಗಳೂರಿನಲ್ಲಿ ತೂಕ ಇಳಿಸೋ ಆಪರೇಷನ್ ಆಯಿತು, ಸ್ಲೀವ್ ಅಂತಾರಲ್ಲ, ಅದು. ಮೂರನೇ ತಿಂಗಳಿಗೇ ಡಾಕ್ಟರು ಶುಗರ್ ಮಾತ್ರೆ ನಿಲ್ಲಿಸಿದರು, ಗೊರಕೆ ಮಷೀನು ಅಟ್ಟ ಸೇರಿತು. ಎಂಟು ತಿಂಗಳಲ್ಲಿ 98ಕ್ಕೆ ಬಂದರು. ಆಮೇಲೆ ಮುಳ್ಳು ನಿಂತೇಬಿಟ್ಟಿತು. ಈಗ 101.

ನೆಪಗಳು ಮಾತ್ರ ದಿನಕ್ಕೊಂದು. ತೂಕ ನೋಡಿಕೊಳ್ಳಿ ಅಂದ್ರೆ ‘ನಮ್ಮ ಅಂಗಡಿ ಕಾಟಾ 2 ಕೆಜಿ ಜಾಸ್ತಿ ತೋರಿಸ್ತದೆ’ ಅಂತಾರೆ. ತಿನ್ನೋದು ಹೆಚ್ಚಾಯ್ತು ಅಂದ್ರೆ ‘ಹೊಟ್ಟೆನೇ ಇಲ್ಲ ಕಣೆ, ಎಲ್ಲಿಗೆ ತಿನ್ಲಿ?’ ಮಧ್ಯಾಹ್ನ ಒಂದು ಚಪಾತಿ ಹಾಕಿದ್ರೆ ಎದೆಯಲ್ಲಿ ಹಿಡ್ಕೊಂಡಂಗಾಯ್ತು ಅಂತ ಮಜ್ಜಿಗೆ ಕುಡಿದು ಎದ್ದು ಹೋಗ್ತಾರೆ, ಸಂಜೆ ನೋಡಿದ್ರೆ ಖಾರಾಮಂಡಕ್ಕಿ ಪೊಟ್ಟಣ ಖಾಲಿ. ಬೆಣ್ಣೆದೋಸೆ ‘ಅರ್ಧ ಅಷ್ಟೇ’. ಡಾಕ್ಟರೇ ಸ್ವಲ್ಪ ಸ್ವಲ್ಪ ಪದೇಪದೇ ತಿನ್ನಿ ಅಂದಿದಾರಂತೆ. ಪ್ರೋಟೀನ್ ಪುಡಿ ವಾಸನೆಯಂತೆ. ನಾವು ಮೊಟ್ಟೆ ಮುಟ್ಟೋರಲ್ಲ. ವಿಟಮಿನ್ ಮಾತ್ರೆ ಹೀಟು, ಅದರಿಂದಲೇ ಕೂದಲು ಉದುರಿದ್ದು ಅಂತ ಬಿಟ್ಟಿದಾರೆ. ವಾಕಿಂಗ್ ಅಂದ್ರೆ ‘ಬೆಳಗಿಂದ ಯಾರ್ಡಲ್ಲಿ ಓಡಾಡ್ತೀನಲ್ಲ’. ರೇಟು ಬಿದ್ದ ದಿನ ಮಂಡಕ್ಕಿ ಇನ್ನೂ ಜಾಸ್ತಿ. ಶನಿವಾರ ಸ್ನೇಹಿತರ ಜೊತೆ ‘ಒಂದೇ ಪೆಗ್ಗು’. ನಾಲ್ಕನೇ ತಿಂಗಳಿಂದ ಬೆಂಗಳೂರಿಗೆ ತೋರಿಸೋಕೆ ಹೋಗಿಲ್ಲ, ದೂರ ಅಂತಾರೆ. ಈಗ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಂತೆ, ಅದನ್ನ ಹಾಕಿಸಿಕೊಂಡ್ರಾಯ್ತು ಅನ್ನೋದು ಹೊಸ ರಾಗ.

ಆಪರೇಷನ್ ವಿಷಯ ನೆಂಟರಿಗೆ ಹೇಳಿಲ್ಲ, ಹರ್ನಿಯಾ ಅಂದಿದೀವಿ. ಗೊತ್ತಿರೋದು ನನ್ನ ನಾದಿನಿ ಒಬ್ಬಳಿಗೆ. ‘ಬಾಯಿ ಕಟ್ಟಿದ್ರೆ ಸಾಕಿತ್ತು, ಇದೇನು ಹೊಸ ಫ್ಯಾಷನ್ನು’ ಅಂತ ಆಡಿಕೊಂಡವಳು ಮೊನ್ನೆ ಮೆತ್ತಗೆ, ‘ನನಗೂ ಎಂಟು ಕೆಜಿ ಇಳಿಸ್ಬೇಕು, ಆ ಡಾಕ್ಟರ್ ನಂಬರ್ ಕೊಡು’ ಅಂದಳು. ಇವರನ್ನ ಕಾವಲು ಕಾದು ಕಾದು ನನಗೆ ಸಾಕಾಗಿದೆ. ಆದರೂ ರಾತ್ರಿ ಮನಸ್ಸು ತಡೀದೆ ಒಂದು ಲೋಟ ಬಾದಾಮಿ ಹಾಲು ನಾನೇ ಕೊಡ್ತೀನಿ, ಅದು ಹಾಲೇ ಅಲ್ವಾ? ಇವರಿಗೆ ಬುದ್ಧಿ ಬರೋ ಹಾಗೆ ನಾಲ್ಕು ಮಾತು ಬರೀರಿ. ಪೇಪರ್ ಓದ್ತಾರೆ, ಆದ್ರೆ ಈ ಅಂಕಣ ಹೆಂಗಸರದು ಅಂತ ದಾಟಿಸ್ತಾರೆ.
ಹೆಸರು ಬೇಡ, ದಾವಣಗೆರೆ

ಉತ್ತರ: ದಾಟಿಸುತ್ತಾರೆ ಎಂದು ನೀವು ನಂಬಿದ್ದೀರಿ. ಧಾರಣೆ ಪಟ್ಟಿಯ ಮೂಲೆಮೂಲೆ ಓದುವ ಮನುಷ್ಯ ‘ಮೆಕ್ಕೆಜೋಳ’ ಎಂಬ ಪದ ಕಂಡ ಮೇಲೆ ಇಲ್ಲಿ ನಿಲ್ಲದೆ ಹೋಗುತ್ತಾರೆಯೇ? ಓದಲಿ. ಅರ್ಧ ಉತ್ತರ ಅವರಿಗೇ. ಇನ್ನರ್ಧ ಯಾರಿಗೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಾಟಾ ವಿಷಯ. ನಿಮ್ಮ ಅಂಗಡಿಯ ಕಾಟಾ 2 ಕೆಜಿ ಹೆಚ್ಚು ತೋರಿಸುತ್ತದೆ ಎಂಬ ಮಾತನ್ನು ದಯವಿಟ್ಟು ಮನೆಯೊಳಗೇ ಇಟ್ಟುಕೊಳ್ಳಿ. ರೈತನ ಮಾಲಿಗೆ ಹೆಚ್ಚು ತೂಕ ತೋರಿಸುವ ದಲಾಲಿ ಅಂಗಡಿ ಇದೆ ಎಂದು ಹರಪನಹಳ್ಳಿ, ಜಗಳೂರಿನ ಕಡೆ ಸುದ್ದಿ ಹಬ್ಬಿದರೆ ನಾಳೆ ಬೆಳಗಾಗುವುದರೊಳಗೆ ನಿಮ್ಮ ಬಾಗಿಲಿಗೆ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ. ವರ್ಷವಿಡೀ ಅದೇ ಕಾಟಾ ಮೇಲೆ ಚೀಲ ಇಟ್ಟು ಲೆಕ್ಕ ಬರೆಯುವವರು, ತಾವು ಹತ್ತಿ ನಿಂತಾಗ ಮಾತ್ರ ಅದು ಕೆಟ್ಟಿದೆ ಎನ್ನುತ್ತಾರೆ. ಸರಿ, ಅವರ ಮಾತೇ ನಿಜವಿರಲಿ. 98 ಬಂದಾಗಲೂ ಅದೇ ಕಾಟಾ ಅಲ್ಲವೇ? ಆಗ 96 ಎಂದು ಯಾರೂ ತಿದ್ದಿಕೊಂಡಿದ್ದು ಕಾಣೆ.

‘ಹೊಟ್ಟೆನೇ ಇಲ್ಲ’ ಎಂಬುದು ಮುಕ್ಕಾಲು ಪಾಲು ಸತ್ಯ, ಅಕ್ಷರಶಃ. ಸ್ಲೀವ್ ಎಂದರೆ ಜಠರದ ಸುಮಾರು 75ರಿಂದ 80 ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದುಬಿಡುವುದು. ಉಳಿಯುವುದು ಬಾಳೆಹಣ್ಣಿನ ಗಾತ್ರದ ಒಂದು ಕೊಳವೆ. ಮೊದಮೊದಲು ಅದರಲ್ಲಿ ಹಿಡಿಯುವುದು 100ರಿಂದ 150 ಎಂ.ಎಲ್. ಗ್ರೆಲಿನ್ ಎಂಬ ಹಾರ್ಮೋನು ಇದೆ, ಮೆದುಳಿಗೆ ‘ಹಸಿವು’ ಎಂದು ಹೇಳಿ ಕಳಿಸುವುದು ಅದರ ಕೆಲಸ. ಅದು ಬಹುಪಾಲು ತಯಾರಾಗುವುದು ಜಠರದ ಮೇಲಿನ ಉಬ್ಬಿದ ಭಾಗದಲ್ಲಿ, ಆ ಭಾಗವೇ ಕತ್ತರಿಯ ಪಾಲಾಗಿದೆ. ಮೊದಲ ತಿಂಗಳುಗಳಲ್ಲಿ ತಟ್ಟೆ ಕಂಡರೂ ಬೇಡ ಎನ್ನಿಸುತ್ತಿತ್ತಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಆ ಪುಣ್ಯಕಾಲ ಶಾಶ್ವತವಲ್ಲ. ಹಸಿವು ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ, ಕೊಳವೆಯೂ ಕಾಲಕ್ರಮದಲ್ಲಿ ಒಂದಿಷ್ಟು ಸಡಿಲವಾಗುತ್ತದೆ. ಹೀಗಾಗಿ ನಿಮ್ಮ ಯಜಮಾನರಿಗೆ ಜಾಗ ಇಲ್ಲ ಎಂಬುದನ್ನು ಒಪ್ಪೋಣ. ಹೊಟ್ಟೆ ಚಿಕ್ಕದಾಯಿತು. ದಿನ ಚಿಕ್ಕದಾಗಲಿಲ್ಲ, ಅದು ಇನ್ನೂ 24 ಗಂಟೆಯದೇ.

ಮಂಡಕ್ಕಿಯ ಕಳ್ಳತನ ಇರುವುದು ಇಲ್ಲೇ. ಒಂದು ಚಪಾತಿ, ಕಾಳುಪಲ್ಯ ಆ ಕೊಳವೆಯಲ್ಲಿ ಕೂತು ಜಾಗ ಹಿಡಿಯುತ್ತವೆ. ನಾಲ್ಕು ತುತ್ತಿಗೆ ‘ಸಾಕು’ ಎನ್ನಿಸುತ್ತದೆ. ಮಂಡಕ್ಕಿಯನ್ನು ಬಾಯಿಗೆ ಹಾಕಿ ನೋಡಿ. ಎರಡು ಸಲ ಅಗಿಯುವಷ್ಟರಲ್ಲಿ ಎಂಜಲಿಗೆ ಕರಗಿ ಹಿಟ್ಟಾಗಿ ಜಾರುತ್ತದೆ. ಹಿಂದಿನಿಂದ ಒಂದು ಗುಟುಕು ಟೀ ಹೋದರಂತೂ ಕೊಳವೆ ಪೂರ್ತಿ ಖಾಲಿ, ಮುಂದಿನ ಮುಷ್ಟಿಗೆ ಸಿದ್ಧ. ಚಹಾದಲ್ಲಿ ಅದ್ದಿದ ಬಿಸ್ಕತ್ತು, ಐಸ್‌ಕ್ರೀಮು, ಚಿಪ್ಸು, ಸೇವು ಎಲ್ಲಾ ಇದೇ ಜಾತಿ. ಒಂದು ಚಪಾತಿ ಹಿಡಿಸದ ಹೊಟ್ಟೆಗೆ ಒಂದು ಗಂಟೆಯಲ್ಲಿ ಎರಡು ಪೊಟ್ಟಣ ಮಂಡಕ್ಕಿ ಸಲೀಸಾಗಿ ಹಿಡಿಸುತ್ತದೆ. ಮೇಲೆ ಎಣ್ಣೆ ಒಗ್ಗರಣೆ, ಶೇಂಗಾ, ಪಕ್ಕಕ್ಕೆ ಒಂದು ಮಿರ್ಚಿ. ಸರ್ಜನ್ ಮಾಡಿದ ಕೆಲಸ ಸರಿಯಾಗಿಯೇ ಇದೆ. ಗಟ್ಟಿಯಾದದ್ದನ್ನು ಅದು ತಡೆಯುತ್ತದೆ. ಜಾರುವುದನ್ನು ತಡೆಯುವ ಬಾಗಿಲನ್ನು ಇನ್ನೂ ಯಾರೂ ಹೊಲಿದಿಲ್ಲ.

ಚಪಾತಿ ಎದೆಯಲ್ಲಿ ಸಿಕ್ಕಿಕೊಳ್ಳುವುದು ನೆಪವಲ್ಲ, ನಿಜ. ಆದರೆ ಅಂಗಡಿಗೆ ಓಡುವ ಆತುರದಲ್ಲಿ, ಫೋನು ಭುಜಕ್ಕೊತ್ತಿಕೊಂಡು, ದೊಡ್ಡ ದೊಡ್ಡ ತುತ್ತು ನುಂಗುವವರಿಗೆ ಇನ್ನೇನಾಗಬೇಕು? ಉಗುರಿನಷ್ಟು ತುಂಡು, ನುಣ್ಣಗಾಗುವವರೆಗೆ ಅಗಿಯುವುದು, ಒಂದು ಊಟಕ್ಕೆ 20 ನಿಮಿಷ. ಜೊತೆಯಲ್ಲಿ ನೀರೂ ಇಲ್ಲ, ಮಜ್ಜಿಗೆಯೂ ಇಲ್ಲ. ಊಟ ಮುಗಿದು ಅರ್ಧ ಗಂಟೆಯ ಮೇಲೆ ಕುಡಿಯಬಹುದು. ಇಷ್ಟು ಮಾಡಿಯೂ ಮೆತ್ತನೆಯ ಅನ್ನವೂ ಇಳಿಯದಿದ್ದರೆ ಕೊಳವೆಯಲ್ಲಿ ಎಲ್ಲೋ ಬಿಗಿಯಾಗಿದೆಯೇ ಎಂದು ಡಾಕ್ಟರು ನೋಡಬೇಕು. ಮತ್ತೆ ಮತ್ತೆ ವಾಂತಿಯಾಗುತ್ತಿದ್ದು, ಜೊತೆಗೆ ನಡಿಗೆ ತೂರಾಡಿದರೆ ಅಥವಾ ಕಣ್ಣಿಗೆ ಒಂದು ಎರಡಾಗಿ ಕಂಡರೆ ಅಂಕಣಕ್ಕೆ ಪತ್ರ ಬರೆಯುತ್ತ ಕೂರಬೇಡಿ, ಅದೇ ದಿನ ಆಸ್ಪತ್ರೆ. ಬಿ1 ಜೀವಸತ್ವ ಬರಿದಾದಾಗ ಹಾಗಾಗುತ್ತದೆ, ತಡವಾದರೆ ನರಗಳಿಗೆ ಆದ ಪೆಟ್ಟು ಉಳಿದೇಬಿಡುತ್ತದೆ.

ಈಗ ಅರ್ಧ ದೋಸೆ. ಬೆಣ್ಣೆದೋಸೆಯ ಊರಿನಲ್ಲಿದ್ದುಕೊಂಡು ಅದನ್ನು ಮುಟ್ಟಲೇಬೇಡಿ ಎನ್ನುವಷ್ಟು ಕಟುಕಳಲ್ಲ ನಾನು. ಆದರೆ ಲೆಕ್ಕ ಲೆಕ್ಕವೇ. ಸೌದೆ ಒಲೆಯ ಕಾವಲಿ, ಅದರ ಮೇಲೆ ಅಂಗೈ ಅಗಲದ ದಪ್ಪ ದೋಸೆ. ಭಟ್ಟರು ಬೆಣ್ಣೆಯನ್ನು ಒಮ್ಮೆ ಬೇಯುವಾಗ ಬಿಡುತ್ತಾರೆ, ಮಗುಚಿದ ಮೇಲೆ ಇನ್ನೊಮ್ಮೆ, ತಟ್ಟೆಗೆ ಬಂದ ಮೇಲೆ ಪರಿಚಯದ ಗಿರಾಕಿ ಎಂದು ಮತ್ತೊಂದು ಮುದ್ದೆ. ಮುರಿದು ಬಿಡುವುದು ದೋಸೆಯ ಅರ್ಧವನ್ನು. ಆ ಮೇಲಿನ ಮುದ್ದೆ ಯಾವ ಅರ್ಧದ ಮೇಲೆ ಕೂತಿರುತ್ತದೆ ಎಂದು ನಿಮ್ಮವರನ್ನೇ ಕೇಳಿ. ದಾವಣಗೆರೆಯವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. ತಿಂಗಳಿಗೊಮ್ಮೆ, ಕೂತು, ನಿಧಾನವಾಗಿ, ಯಾರಿಗೂ ವಿವರಣೆ ಕೊಡದೆ ತಿಂದರೆ ಅದು ದೋಸೆ. ಬೆಳಿಗ್ಗೆ ಅರ್ಧ, ಮಾಲು ಇಳಿಸಿದ ಮೇಲೆ ಅರ್ಧ, ಗೆಳೆಯ ಬಂದ ಎಂದು ಅರ್ಧ ಎಂದಾದರೆ ಒಂದೂವರೆ. ದಲಾಲಿ ಅಂಗಡಿಯಲ್ಲಿ ಈ ಕೂಡುವ ಲೆಕ್ಕ ತಪ್ಪುವುದಿಲ್ಲ ಎಂದುಕೊಂಡಿದ್ದೇನೆ.

‘ಸ್ವಲ್ಪ ಸ್ವಲ್ಪ ಪದೇಪದೇ’ ಎಂದು ಡಾಕ್ಟರು ಹೇಳಿದ್ದು ನಿಜವೇ ಇರಬೇಕು. ಆಪರೇಷನ್ ಆದ ಹೊಸದರಲ್ಲಿ, ಬರೀ ನೀರಿನಂಥ ಆಹಾರದಿಂದ ರುಬ್ಬಿದ್ದಕ್ಕೆ, ಅಲ್ಲಿಂದ ಮೆತ್ತನೆಯದಕ್ಕೆ ಏರುವ ವಾರಗಳಲ್ಲಿ ಎಲ್ಲರಿಗೂ ಹೇಳುವ ಮಾತು ಅದು. ಡಿಸ್ಚಾರ್ಜ್ ದಿನ ಹೇಳಿದ ಹತ್ತು ಮಾತಿನಲ್ಲಿ ಇದೊಂದೇ 11 ತಿಂಗಳು ನೆನಪಿನಲ್ಲಿ ಉಳಿದಿದೆ ನೋಡಿ, ಸ್ಮರಣಶಕ್ತಿಗೆ ಏನೂ ತೊಂದರೆಯಾಗಿಲ್ಲ. ಈಗಿನ ಹಂತಕ್ಕೆ ಬೇಕಾದದ್ದು ಹೊತ್ತಿಗೆ ಸರಿಯಾಗಿ ಮೂರು ಸಣ್ಣ ಊಟ, ನಡುವೆ ಒಂದೆರಡು ಸಲ ಪ್ರೋಟೀನಿನ ಏನಾದರೂ. ಅದರಾಚೆ ಬಾಯಿ ಮುಚ್ಚಿರಬೇಕು.

ಪ್ರೋಟೀನ್ ಮಾತಿಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನಿಮ್ಮ ಅಡುಗೆಮನೆ ಸುಧಾರಿಸಬೇಕಾದ್ದು ಇಲ್ಲಿ. ಸಾಮಾನ್ಯವಾಗಿ ಇಂಥವರಿಗೆ ದಿನಕ್ಕೆ 60ರಿಂದ 80 ಗ್ರಾಂ ಬೇಕು. ಮೊಟ್ಟೆಯೂ ಇಲ್ಲದ ಮನೆಯಲ್ಲಿ ಇದು ಸುಲಭವಲ್ಲ, ಒಪ್ಪುತ್ತೇನೆ. ‘ದಿನಾ ಬೇಳೆಸಾರು ಕುಡೀತಾರಲ್ಲ’ ಎಂದು ನೀವು ಹೇಳುವ ಮೊದಲೇ ಹೇಳಿಬಿಡುತ್ತೇನೆ: ಮೇಲಿನ ತಿಳಿ ಅವರ ಲೋಟಕ್ಕೆ, ತಳದ ಬೇಳೆ ಮಕ್ಕಳ ತಟ್ಟೆಗೆ ಹೋಗುತ್ತಿದ್ದರೆ ಅವರು ಕುಡಿಯುತ್ತಿರುವುದು ಹುಣಸೆಹುಳಿ ಮತ್ತು ಇಂಗು. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಸಿಗುತ್ತದೆ. ಒಣ ಸೋಯಾ ಚೂರು 50 ಗ್ರಾಂ ನೆನೆಸಿ ಬೇಯಿಸಿದರೆ 25ರ ಹತ್ತಿರ. 200 ಎಂ.ಎಲ್. ಹಾಲಿನಲ್ಲಿ ಆರೇಳು. ಹುರುಳಿ, ಮಡಕೆ, ಹೆಸರು ಮೊಳಕೆ ಬರಿಸಿ ಬೇಯಿಸಿದ ಕಾಳುಪಲ್ಯ ನಿಮ್ಮ ಕಡೆ ಹೇಗೂ ಇದೆ. ಅನ್ನ ರೊಟ್ಟಿಗಿಂತ ಮೊದಲು ಅದನ್ನು ತಿನ್ನಬೇಕು, ರೊಟ್ಟಿಗೆ ನೆಂಚಿಕೊಳ್ಳುವಷ್ಟು ತಿಂದರೆ ಲೆಕ್ಕಕ್ಕಿಲ್ಲ. ಪುಡಿ ವಾಸನೆ ಎಂದರೆ ತಣ್ಣನೆಯ ಮಜ್ಜಿಗೆಗೆ ಕದಡಿ ಜೀರಿಗೆ, ಉಪ್ಪು ಹಾಕಿ ಕೊಡಿ. ವಾಸನೆಯಿಲ್ಲದ ಪುಡಿಯೂ ಸಿಗುತ್ತದೆ. ಬಿಸಿ ಹಾಲಿಗೆ ಹಾಕಬೇಡಿ, ಗಂಟು ಕಟ್ಟುತ್ತದೆ, ಆ ಗಂಟೇ ನಾಳೆಯ ನೆಪ.

ಕೂದಲಿನ ವಿಷಯದಲ್ಲಿ ಅವರು ಕಾರಣವನ್ನು ತಲೆಕೆಳಗು ಮಾಡಿದ್ದಾರೆ. ಇಷ್ಟು ವೇಗವಾಗಿ ತೂಕ ಇಳಿದಾಗ ಮೂರರಿಂದ ಆರನೇ ತಿಂಗಳ ಹೊತ್ತಿಗೆ ಕೂದಲು ಬಾಚಣಿಗೆ ತುಂಬ ಬರುವುದು ಸಾಮಾನ್ಯ, ಹೆಚ್ಚಿನವರಿಗೆ ಆಮೇಲೆ ಮತ್ತೆ ಹುಟ್ಟುತ್ತದೆ. ಪ್ರೋಟೀನು, ಕಬ್ಬಿಣ ಕಡಿಮೆಯಾದರೆ ಉದುರುವುದು ಮುಂದುವರಿಯುತ್ತದೆ. ಅಂದರೆ ಕೂದಲು ಉಳಿಸಿಕೊಳ್ಳಲು ಅವರು ಬಿಟ್ಟದ್ದು ಕೂದಲು ಉಳಿಸುವ ಮಾತ್ರೆಯನ್ನೇ. ಬಿ12 ಇನ್ನೂ ಮುಖ್ಯ. ಆಹಾರದಿಂದ ಅದನ್ನು ಬಿಡಿಸಿಕೊಳ್ಳಲು ಬೇಕಾದ ಆಮ್ಲ, ಹೀರಿಕೊಳ್ಳಲು ಬೇಕಾದ ಪದಾರ್ಥ ಎರಡೂ ತಯಾರಾಗುವುದು ಜಠರದಲ್ಲಿ, ಜಠರ ಈಗ ಇರುವುದು ಕಾಲುಭಾಗ. ಸಾಲದ್ದಕ್ಕೆ ನೀವು ಸಸ್ಯಾಹಾರಿಗಳು. ಅಂಗಾಲು ಜುಮ್ಮೆನ್ನುವುದು, ಮರೆವು, ಸುಸ್ತು ಶುರುವಾದಾಗ ‘ವಯಸ್ಸಾಯ್ತು’ ಎನ್ನುತ್ತಾರೆ, ನೋಡುತ್ತಿರಿ. ಈ ಮಾತ್ರೆಗಳು ಬದುಕಿರುವವರೆಗೂ. ಕಬ್ಬಿಣದ್ದನ್ನೂ ಕ್ಯಾಲ್ಸಿಯಂನದ್ದನ್ನೂ ಒಟ್ಟಿಗೆ ನುಂಗಬಾರದು, ಕನಿಷ್ಠ ಎರಡು ಗಂಟೆ ಅಂತರ. ಹೀಟು ಎಂದರೆ ಎಳನೀರು ಕೊಡಿ, ಮಾತ್ರೆಯನ್ನೂ ಕೊಡಿ. ಯಾರ್ಡಿನ ಓಡಾಟದ ಬಗ್ಗೆ ಹೆಚ್ಚು ಹೇಳಲಾರೆ. ಗಾದಿಯಿಂದ ಕಾಟಾವರೆಗೆ ಎಷ್ಟು ಹೆಜ್ಜೆ ಎಂದು ಅವರ ಫೋನೇ ಎಣಿಸುತ್ತದೆ, ತೆಗೆದು ನೋಡಲಿ.

ಶನಿವಾರದ ‘ಒಂದೇ ಪೆಗ್ಗಿ’ಗೆ ಬಂದಾಗ ನನ್ನ ತಮಾಷೆ ನಿಲ್ಲುತ್ತದೆ. ಈ ಆಪರೇಷನ್ ಆದ ಮೇಲೆ ಮದ್ಯ ರಕ್ತಕ್ಕೆ ಬೇಗ ಸೇರುತ್ತದೆ, ಹೆಚ್ಚು ಏರುತ್ತದೆ. ಮೊದಲು ಮೂರಕ್ಕೆ ಆಗುತ್ತಿದ್ದದ್ದು ಈಗ ಒಂದಕ್ಕೇ ಆಗಬಹುದು. ಅವರು ಎಣಿಸುತ್ತಿರುವುದು ಲೋಟವನ್ನು, ಬೈಕು ಓಡಿಸುವುದು ರಕ್ತದಲ್ಲಿರುವುದರ ಮೇಲೆ. ಇನ್ನೊಂದು ಅಪಾಯ ನಿಧಾನದ್ದು. ತಿನಿಸಿನಲ್ಲಿ ಸಿಗುತ್ತಿದ್ದ ಸಮಾಧಾನ ಸಿಗದಾದಾಗ ಕೆಲವರು ಅದನ್ನು ಬಾಟಲಿಯಲ್ಲಿ ಹುಡುಕುತ್ತಾರೆ. ಮೊದಲು ಕುಡಿಯುವ ಚಟವೇ ಇಲ್ಲದವರೂ ಆಪರೇಷನ್ ಆಗಿ ಒಂದೆರಡು ವರ್ಷಕ್ಕೆ ಹೀಗೆ ಜಾರಿದ್ದಿದೆ. ಇದನ್ನು ಡಾಕ್ಟರಿಗೆ ಹೇಳಲೇಬೇಕು, ಹೇಳುವಾಗ ‘ಒಂದೇ’ ಎಂಬುದನ್ನು ಬಿಟ್ಟು ಹೇಳಬೇಕು.

ನಿಮ್ಮ ನಾದಿನಿಯವರಿಗೆ ಎರಡು ಮಾತು. ಇದು ಹೊಸ ಫ್ಯಾಷನ್ ಅಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ ತೂಕ ಇಳಿಸಲೆಂದು ಜಠರದ ಬೈಪಾಸ್ ಶುರುಮಾಡಿದ್ದು 1966ರಲ್ಲಿ. ಹುಣ್ಣಿಗಾಗಿ ಜಠರದ ಭಾಗ ತೆಗೆಸಿಕೊಂಡ ರೋಗಿಗಳು ಮತ್ತೆ ದಪ್ಪಗಾಗದಿರುವುದನ್ನು ನೋಡಿ ಹೊಳೆದ ಉಪಾಯ ಅದು. ಬಾಯಿ ಕಟ್ಟಿದ್ದರೆ ಸಾಕಿತ್ತು ಎನ್ನುವವರು 132 ಕೆಜಿಯ ದೇಹದಲ್ಲಿ ಒಂದು ವಾರ ಇದ್ದು ನೋಡಲಿ. ಉಪವಾಸ ಬಿದ್ದು ಹತ್ತು ಕೆಜಿ ಇಳಿಸಿದರೆ ದೇಹ ಅದನ್ನು ಬರಗಾಲ ಎಂದೇ ತಿಳಿಯುತ್ತದೆ. ಹಸಿವು ಹೆಚ್ಚಿಸುತ್ತದೆ, ಖರ್ಚು ಕಡಿಮೆ ಮಾಡುತ್ತದೆ, ಕಳೆದದ್ದನ್ನು ವಸೂಲಿ ಮಾಡುವವರೆಗೆ ಬಿಡುವುದಿಲ್ಲ. ಈ ಹಗ್ಗಜಗ್ಗಾಟದಲ್ಲಿ ಮನುಷ್ಯನಿಗೆ ಸ್ವಲ್ಪ ಬಲ ಸಿಗಲಿ ಎಂದೇ ಆಪರೇಷನ್ ಇರುವುದು. ನಿಮ್ಮವರು ಸೋಮಾರಿತನಕ್ಕೆ ಹೊಟ್ಟೆ ಕೊಯ್ಯಿಸಿಕೊಂಡವರಲ್ಲ, ಇದನ್ನು ಮಾತ್ರ ವ್ಯಂಗ್ಯವಿಲ್ಲದೆ ಬರೆಯುತ್ತಿದ್ದೇನೆ. ಎಂಟು ಕೆಜಿಗಾಗಿ ನಂಬರ್ ಕೇಳಿದ ನಾದಿನಿಗೆ ಹತ್ತಿರದ ಪಾರ್ಕಿನ ವಿಳಾಸ ಕೊಡಿ.

ಹರ್ನಿಯಾ ಸುಳ್ಳು ನಿಮಗೆ ದುಬಾರಿಯಾಗಿದೆ. ಹರ್ನಿಯಾ ಆದವನಿಗೆ ನೆಂಟರು ಏನು ಮಾಡುತ್ತಾರೆ? ‘ಎಷ್ಟು ಇಳಿದುಹೋಗಿದಾನೆ, ಪಾಪ’ ಎಂದು ಹೋಳಿಗೆಗೆ ಎರಡು ಮಿಳ್ಳೆ ತುಪ್ಪ ಸುರಿಯುತ್ತಾರೆ. ಬೇಡ ಎನ್ನಲು ಇವರ ಬಳಿ ಕಾರಣವಿಲ್ಲ, ಕಾರಣವನ್ನು ನೀವೇ ಮುಚ್ಚಿಟ್ಟಿದ್ದೀರಿ. ಊರಿಗೆಲ್ಲ ಡಂಗುರ ಹೊಡೆಸಬೇಕಿಲ್ಲ. ಮನೆಗೆ ಹೆಚ್ಚು ಬಂದುಹೋಗುವ ಇಬ್ಬರಿಗೆ, ಅಂಗಡಿಯಲ್ಲಿ ಜೊತೆಗಿರುವ ಒಬ್ಬರಿಗೆ ನಿಜ ಹೇಳಿ. ಯಾವ ಡಾಕ್ಟರ ಮುಂದೂ, ಮೆಡಿಕಲ್ ಶಾಪಿನಲ್ಲೂ ಹರ್ನಿಯಾ ಎನ್ನಬೇಡಿ. ಮಂಡಿನೋವು, ಹಲ್ಲುನೋವು ಎಂದು ಕೌಂಟರಿನಲ್ಲಿ ಕೈಗಿಡುವ ನೋವಿನ ಮಾತ್ರೆಗಳು ಇಂಥ ಜಠರದಲ್ಲಿ ಹುಣ್ಣು ಮಾಡಬಹುದು. ಕೇಳಿಯೇ ನುಂಗಬೇಕು.

ನಿಮ್ಮ ಪತ್ರದಲ್ಲಿ ಯಾವ ನೆಪವೂ ಅಲ್ಲದ ಒಂದು ಸಾಲಿದೆ. ‘ರೇಟು ಬಿದ್ದ ದಿನ ಮಂಡಕ್ಕಿ ಇನ್ನೂ ಜಾಸ್ತಿ.’ ನೀವು ಅದನ್ನು ಪೆಗ್ಗಿಗೂ ವಾಕಿಂಗಿಗೂ ನಡುವೆ ಸೇರಿಸಿ ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತೆ. ಟೆಂಡರ್ ಮುಗಿದು ಧಾರಣೆ ಕುಸಿದ ಸಂಜೆ, ರೈತ ಎದುರಿಗೆ ಕೂತು ಮುಖ ನೋಡುತ್ತಿರುತ್ತಾನೆ, ಖರೀದಿದಾರನ ದುಡ್ಡು ಬಂದಿರುವುದಿಲ್ಲ. ಆ ಹೊತ್ತಿಗೆ ಕೈ ಪೊಟ್ಟಣಕ್ಕೆ ಹೋಗುವುದು ಹಸಿವಿನಿಂದಲ್ಲ. ಇದಕ್ಕೆ ಸರ್ಜನ್ ಬಳಿ ಕತ್ತರಿ ಇಲ್ಲ, ಇಂಜೆಕ್ಷನ್ನಿನಿಂದಲೂ ಪೂರ್ತಿ ಹೋಗುವುದಿಲ್ಲ. ಇದಕ್ಕೆ ಕೂತು ಮಾತಾಡುವ ಮನುಷ್ಯರು ಬೇಕು. ಆಪರೇಷನ್ ಮಾಡುವ ಒಳ್ಳೆಯ ತಂಡಗಳಲ್ಲಿ ಆಹಾರ ತಜ್ಞರ ಜೊತೆ ಆಪ್ತಸಮಾಲೋಚಕರೂ ಇರುತ್ತಾರೆ. ಅಲ್ಲಿಯವರೆಗೆ ಒಂದು ಸಣ್ಣ ಕೆಲಸ: ಪೊಟ್ಟಣ ಬಿಚ್ಚುವ ಮೊದಲು ಅವತ್ತಿನ ಧಾರಣೆಯನ್ನು ಅದರ ಮೇಲೆಯೇ ಬರೆದಿಡಲಿ. ತಿನ್ನಬೇಡಿ ಎನ್ನುತ್ತಿಲ್ಲ. ಹದಿನೈದು ದಿನದ ಪೊಟ್ಟಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವರಿಗೇ ಏನಾದರೂ ಕಾಣುತ್ತದೆ.

ಇಂಜೆಕ್ಷನ್ ಸುಳ್ಳಲ್ಲ. ಟಿರ್ಜೆಪಟೈಡ್, ಸೆಮಾಗ್ಲುಟೈಡ್ ಎಂಬ ವಾರಕ್ಕೊಮ್ಮೆ ಚುಚ್ಚುವ ಔಷಧಗಳು ತೂಕ ಇಳಿಸಲೆಂದು 2025ರಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂದಿವೆ. ಆಪರೇಷನ್ ನಂತರ ತೂಕ ಮತ್ತೆ ಏರಿದವರಿಗೆ ಕೆಲವು ಸಲ ಡಾಕ್ಟರೇ ಬರೆದುಕೊಡುತ್ತಾರೆ. ಬರೆದುಕೊಡಬೇಕಾದ ಡಾಕ್ಟರ ಮುಖವನ್ನೇ ಏಳು ತಿಂಗಳಿಂದ ನೋಡದವರಿಗೆ ಕೊಡುವುದು ಯಾರು? ನೀವು ಬರೆದ ಪ್ರತಿಯೊಂದು ನೆಪವನ್ನೂ ತಿರುಗಿಸಿ ನೋಡಿದೆ, ಎಲ್ಲದರ ಹಿಂದೆಯೂ ಇರುವುದು ಇದೇ. ದಾವಣಗೆರೆಯಿಂದ ಬೆಂಗಳೂರು 260 ಕಿಲೋಮೀಟರು, ದೂರ ಹೌದು. ಪೇಮೆಂಟ್ ವಸೂಲಿಗೆ, ಮದುವೆಗೆ ಹೋಗುವಾಗ ಅದು ಹತ್ತಿರವಾಗುತ್ತದೆ. ತೂಕ ನಿಂತಿದೆ ಎಂದು ಹೇಳಲು ಅವರಿಗೆ ನಾಚಿಕೆ. ಬೈಯುತ್ತಾರೆ ಎಂಬ ಹೆದರಿಕೆ. ಪರೀಕ್ಷೆಯಲ್ಲಿ ನಪಾಸಾದ ಹುಡುಗ ಅಂಕಪಟ್ಟಿ ಬಚ್ಚಿಡುತ್ತಾನೆ, ಇವರು ತಮ್ಮನ್ನೇ ಬಚ್ಚಿಟ್ಟುಕೊಂಡಿದ್ದಾರೆ. ಯಜಮಾನರೇ, ಇದನ್ನು ಓದುತ್ತಿದ್ದೀರಿ ಎಂದು ಗೊತ್ತು. ನೀವು ನಪಾಸಾಗಿಲ್ಲ. 132ರಿಂದ 98 ಎಂದರೆ 34 ಕೆಜಿ. ಸ್ಲೀವ್ ಆದವರ ತೂಕ ಇಳಿಯುವುದು ಹೆಚ್ಚೆಂದರೆ ಒಂದು, ಒಂದೂವರೆ ವರ್ಷ. ಆ ಹೊತ್ತಿಗೆ ವೇಗ ತಗ್ಗುವುದು, ಮುಳ್ಳು ನಿಲ್ಲುವುದು, ಆಮೇಲೆ ಒಂದಷ್ಟು ಮರಳುವುದು ಡಾಕ್ಟರುಗಳು ದಿನವೂ ನೋಡುವ ಸಂಗತಿ. 3 ಕೆಜಿಗೆ ಅವರು ಹೌಹಾರುವುದಿಲ್ಲ. 3 ಇದ್ದದ್ದು 20 ಆದ ಮೇಲೆ ಬಂದವರನ್ನು ಕಂಡಾಗ ಬೇಜಾರಾಗುತ್ತಾರೆ. ‘ಒಣಗಿದೆ ಸಾರ್, ಮುಷ್ಟಿಲಿ ಹಿಡಿದು ನೋಡಿ’ ಎಂದು ರೈತ ಎಷ್ಟು ಹೇಳಿದರೂ ತೇವಾಂಶದ ಮೀಟರ್ 14 ತೋರಿಸುವವರೆಗೆ ನೀವು ಒಪ್ಪುತ್ತೀರಾ? ಡಾಕ್ಟರು ಮಾಡಿಸುವ ರಕ್ತಪರೀಕ್ಷೆಯ ಕಾಗದಕ್ಕೂ ಅಷ್ಟು ಮರ್ಯಾದೆ ಕೊಡಿ. ನಿಂತುಹೋದ ಶುಗರ್ ಮಾತ್ರೆ ನಿಂತೇ ಇರಬೇಕೇ ಎಂಬುದನ್ನೂ ಅದೇ ಹೇಳಬೇಕು.

ಇನ್ನು ಉಳಿದರ್ಧ ಉತ್ತರ, ಅಮ್ಮಾ, ನಿಮಗೆ. ಬಾದಾಮಿ ಹಾಲು ಹಾಲೇ, ಮೂರು ಚಮಚ ಸಕ್ಕರೆ ಸೇರಿದ ಹಾಲು. ಮಂಡಕ್ಕಿಗಿಂತ ಸಲೀಸಾಗಿ ಜಾರುತ್ತದೆ. ಬೈಪಾಸ್ ಮಾಡಿಸಿಕೊಂಡವರಾಗಿದ್ದರೆ ಆ ಲೋಟ ಮುಗಿಸಿದ ಸ್ವಲ್ಪ ಹೊತ್ತಿಗೆ ಬೆವರು, ಎದೆಬಡಿತ, ಭೇದಿ ಎಲ್ಲಾ ಬಂದು ಸಕ್ಕರೆಯೇ ಪಾಠ ಹೇಳುತ್ತಿತ್ತು. ಸ್ಲೀವ್ ಆದವರಿಗೆ ಆ ಮೇಷ್ಟ್ರ ಕಾಟ ಅಷ್ಟಾಗಿ ಇಲ್ಲ. ಹಗಲೆಲ್ಲ ಪೊಲೀಸ್, ರಾತ್ರಿ ಬಾದಾಮಿ ಹಾಲು: ಅವರು ನಿಮ್ಮ ಯಾವ ಮಾತನ್ನು ನಂಬಬೇಕು? ಪೊಟ್ಟಣ ಎಣಿಸುವುದನ್ನೂ ಜೇಬು ತಡಕುವುದನ್ನೂ ಇವತ್ತಿಗೇ ಬಿಟ್ಟುಬಿಡಿ. ನೀವು ಎಣಿಸುವಷ್ಟು ದಿನ ಅವರು ಬಚ್ಚಿಡುತ್ತಾರೆ, ನೆಪ ಹುಟ್ಟುವುದೇ ಕೇಳುವವರು ಇದ್ದಾಗ. ಆ ಲೋಟ ಕೊಡುವ ಹೊತ್ತಿನಲ್ಲಿ ಹತ್ತು ನಿಮಿಷ ಪಕ್ಕದಲ್ಲಿ ಕೂತು ಇವತ್ತು ಧಾರಣೆ ಎಷ್ಟಾಯಿತು ಎಂದು ಕೇಳಿ. ಹಾಲೇ ಬೇಕೆಂದರೆ ಸಕ್ಕರೆಯಿಲ್ಲದ್ದು, ಅರ್ಧ ಲೋಟ.

ಅಪಾಯಿಂಟ್‌ಮೆಂಟ್ ಅವರೇ ತೆಗೆದುಕೊಳ್ಳಲಿ, ನೀವು ಫೋನ್ ಮಾಡಬೇಡಿ. ಹಿಮೋಗ್ಲೋಬಿನ್, ಕಬ್ಬಿಣ, ಬಿ12, ವಿಟಮಿನ್ ಡಿ, ಮೂರು ತಿಂಗಳ ಸಕ್ಕರೆಯ ಸರಾಸರಿ, ಇನ್ನೇನು ಬೇಕೋ ಎಲ್ಲಾ ಡಾಕ್ಟರ ಕಡೆಯಿಂದ ಮೊದಲೇ ಕೇಳಿಕೊಂಡು ದಾವಣಗೆರೆಯಲ್ಲೇ ಮಾಡಿಸಿ, ವರದಿ ಕೈಯಲ್ಲಿ ಹಿಡಿದು ಹೊರಡಿ. ಡಿಸ್ಚಾರ್ಜ್ ಚೀಟಿ, ಬಿಟ್ಟ ಮಾತ್ರೆಗಳ ಡಬ್ಬಿ, ಧಾರಣೆ ಬರೆದ ಪೊಟ್ಟಣಗಳೂ ಇರಲಿ. ಒಳಗೆ ಹೋದ ಮೇಲೆ ಮಾತು ಅವರದು. ‘ಇವರು ಸುಳ್ಳು ಹೇಳ್ತಿದಾರೆ ಡಾಕ್ಟ್ರೇ’ ಎಂದು ನಡುವೆ ಬಾಯಿ ಹಾಕಬೇಡಿ, ಎಷ್ಟೇ ಆಸೆಯಾದರೂ. ದಾರಿಯಲ್ಲಿ ಕ್ಯಾತ್ಸಂದ್ರ ಬಂದಾಗ ತಟ್ಟೆಇಡ್ಲಿಗೆ ಗಾಡಿ ನಿಲ್ಲಿಸೋಣ ಎನ್ನುತ್ತಾರೆ. ನಿಲ್ಲಿಸಿ. ಒಂದು ಇಡ್ಲಿ, ಎರಡು ತಟ್ಟೆ, ಬೆಣ್ಣೆ ಬೇಡ ಎಂದು ಮೊದಲೇ ಹೇಳಿ. ಕಾಫಿ ಅರ್ಧ ಗಂಟೆ ಆದ ಮೇಲೆ.